ಕಂಬಿಯಮ್ಮ ಮತ್ತು ಎಣ್ಣೆಗುಂಡಿ

ನಾನೇ ಒಂದು ಕಾಲದಲ್ಲಿ ಇಂಡಿಯನ್ ಇಂಕಿನಲ್ಲಿ ಟ್ರೇಸ್ ಮಾಡಿದ್ದ ಗುಂಡಿಯೊಂದನ್ನು ಈಗ ನೆಲದಲ್ಲಿ ಹುಡುಕಿಕೊಡಬೇಕಿತ್ತು. ಕಾಗದದ ಮೇಲೆ ಅದು ಹೆಬ್ಬೆರಳ ಉಗುರಿನಷ್ಟು ಚೌಕ. ನೆಲದಲ್ಲಿ ಒಂದು ಕೋಣೆಯಷ್ಟು ಅಗಲ, ಆಳು ನಿಂತು ಕೈ ಎತ್ತಿದರೂ ಮೇಲೆ ಸಿಗದಷ್ಟು ಆಳ. ಆ ಡ್ರಾಯಿಂಗ್ ಮಾತ್ರ ನಾನು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿ ಮುಚ್ಚಿದ ವರ್ಷವೇ ರದ್ದಿಗೆ ಹೋಗಿ, ಬಹುಶಃ ಯಾರದೋ ಕಡಲೆಕಾಯಿ ಪೊಟ್ಟಣವಾಗಿ ಮುಗಿದಿತ್ತು.

ಫೋನ್ ಮಾಡಿದವಳು ಒಂದು ಸಣ್ಣ ಸರ್ವೆ ಕಂಪನಿಯ ಇಂಜಿನಿಯರ್. "ಮೇಡಂ, ನೀವು ಹಳೇ ರೈಲ್ವೆ ಸೈಡಿಂಗ್‌ಗಳನ್ನ ಹುಡ್ಕೊಂಡು ಸುತ್ತಾಡ್ತೀರಂತಲ್ಲ, ನಿಜಾನಾ?"

"ನಿಜ. ಬೇರೆಯವರು ಟೆಂಪಲ್ ಟೂರ್ ಹೋಗ್ತಾರೆ, ನಾನು ಇದಕ್ಕೆ ಹೋಗ್ತೀನಿ."

"ಪೀಣ್ಯದ ಹಿಂದುಗಡೆ ಒಂದಿದೆ. ಅಲ್ಲಿ ನೀವು ಕೆಲ್ಸ ಮಾಡಿದ್ರಿ ಅಂತ ಗೊತ್ತಾಯ್ತು. ಒಂದ್ಸಲ ಬರ್ತೀರಾ? ಸ್ವಲ್ಪ ಅರ್ಜೆಂಟು."

ಸೈಡಿಂಗ್ ಎಂದರೆ ಮೇನ್ ಲೈನಿನಿಂದ ಕವಲೊಡೆದು, ಯಾವುದೋ ಒಂದೇ ಫ್ಯಾಕ್ಟರಿಯ ಅಂಗಳಕ್ಕೆ ಹೋಗಿ ನಿಂತುಬಿಡುವ ಹಳಿ. ಅಲ್ಲಿಂದ ಮುಂದೆ ಅದಕ್ಕೆ ಊರಿಲ್ಲ. ಬೆಂಗಳೂರಿನ ಅಂಚಿನಲ್ಲಿ ಇಂಥವು ಎಷ್ಟೋ ಸತ್ತುಹೋಗಿವೆ. ವೈಟ್‌ಫೀಲ್ಡಿನ ಕಡೆ ಒಂದು ಅಪಾರ್ಟ್‌ಮೆಂಟಿನ ಗಾರ್ಡನ್ನಿನಲ್ಲಿ ಹಳಿಯ ತುಂಡಿನ ಮೇಲೆ ಕುಳಿತು ಜನ ವಾಕಿಂಗಿನ ಸುಸ್ತು ಆರಿಸಿಕೊಳ್ಳುತ್ತಾರೆ. ಮಹದೇವಪುರದಲ್ಲಿ ಒಂದು ಗಲ್ಲಿ ಕಾರಣವೇ ಇಲ್ಲದೆ ಬಿಲ್ಲಿನಂತೆ ಬಾಗಿದೆ. ಆ ಬಾಗು ರೈಲಿನದು. ನೇರ ರಸ್ತೆಗಳ ನಡುವೆ ಅಂಥ ಮೆಲ್ಲನೆಯ ತಿರುವು ಕಂಡರೆ ನನ್ನ ಎದೆಯೊಳಗೆ ಏನೋ ಒಂದು ಸಣ್ಣ ಸಿಳ್ಳೆ ಹಾಕುತ್ತದೆ. ವಯಸ್ಸಾದವರ ಹುಚ್ಚು, ಸಿಲ್ಲಿ ಅನ್ನಿ, ಪರವಾಗಿಲ್ಲ.

ಪೀಣ್ಯದ್ದು ಮೀಟರ್ ಗೇಜ್ ಸೈಡಿಂಗ್. ತುಮಕೂರಿನ ಲೈನನ್ನು ಬ್ರಾಡ್ ಗೇಜ್ ಮಾಡಿದಾಗ ಈ ಕವಲನ್ನು ಯಾರೂ ಅಗಲಿಸಲಿಲ್ಲ, ಹಾಗಾಗಿ ಅದು ನಿಂತಲ್ಲೇ ಅನಾಥವಾಯಿತು. ಅದಕ್ಕೆ ಮುಂಚೆ ನಮ್ಮ ಫ್ಯಾಕ್ಟರಿಯ ಕುಲುಮೆಗೆ ಉರಿಸುವ ಫರ್ನೇಸ್ ಆಯಿಲ್ ಅದರ ಮೇಲೆಯೇ ಬರುತ್ತಿತ್ತು. ಕಾನ್ವೆಂಟ್ ಮುಗಿಸಿ ಡ್ರಾಯಿಂಗ್ ಆಫೀಸು ಸೇರಿದ ನಾವು ಹುಡುಗಿಯರು ಟ್ಯಾಂಕ್ ವ್ಯಾಗನ್ ಬಂದ ದಿನ ಊಟದ ಡಬ್ಬಿ ಹಿಡಿದು ಹಿಂದಿನ ಅಂಗಳಕ್ಕೆ ಹೋಗುತ್ತಿದ್ದೆವು. ಆ ಎಣ್ಣೆ ಬೆಲ್ಲದ ಪಾಕದಂತೆ ಗಟ್ಟಿ. ಪೈಪಿನಲ್ಲಿ ಹಬೆ ಬಿಟ್ಟು ಬಿಸಿ ಮಾಡಿದ ಮೇಲೆಯೇ ಅದು ವ್ಯಾಗನ್ನಿನ ಹೊಟ್ಟೆಯಿಂದ ಇಳಿದು, ಹಳಿಯ ಪಕ್ಕದ ದೊಡ್ಡ ಗುಂಡಿಗೆ ಬೀಳುತ್ತಿತ್ತು. ಅಲ್ಲಿಂದ ಪಂಪು. ಅದೇ ಈ ಗುಂಡಿ. ಹಳಿ ಕಿತ್ತವರು ಗುಂಡಿಯನ್ನು ತುಂಬಲಿಲ್ಲ. ಮೇಲೆ ಕಾಂಕ್ರೀಟ್ ಸ್ಲ್ಯಾಬು ಹಾಸಿ, ಮಣ್ಣೆಳೆದು ಹೋಗಿಬಿಟ್ಟರು.

ಸೈಡಿಂಗಿನ ಆ ಪಟ್ಟಿ ಜಾಗ ಫ್ಯಾಕ್ಟರಿ ಗುತ್ತಿಗೆಗೆ ಪಡೆದದ್ದು. ಮುಚ್ಚಿದ ಮೇಲೆ ಅದು ಮೂಲ ಊರಿನ ರೈತ ಕುಟುಂಬಕ್ಕೆ ಮರಳಿತು. ಈಗ ಅದರ ಒಡತಿ ಆ ಮನೆಯ ಸೊಸೆ, ಅರವತ್ತು ದಾಟಿದ ಹೆಂಗಸು. ಬಾಡಿಗೆಯವರೆಲ್ಲ ಆಕೆಯನ್ನು ಓನರಮ್ಮ ಎನ್ನುತ್ತಾರೆ. ಅಂಗಳದ ಬಡಗಣ ಅಂಚಿಗೆ ಒಂದು ಸಾಲು ಕೋಣೆಗಳನ್ನು ಕಟ್ಟಿಸಿದ್ದಾಳೆ. ಅಲ್ಲಿರುವವರು ಕೊಪ್ಪಳ, ರಾಯಚೂರು ಕಡೆಯಿಂದ ಬಂದ ಗಾರೆಯವರು, ಫ್ಯಾಕ್ಟರಿ ಶಿಫ್ಟಿನವರು.

ಮಳೆ ಜೋರಾದ ಮೇಲೆ ಅಲ್ಲಿನ ಚರಂಡಿಯಲ್ಲಿ ಎಣ್ಣೆಯ ಕಪ್ಪು ಹೊಳಪು ತೇಲತೊಡಗಿತ್ತು. ಅದರ ಜೊತೆಗೇ ನಡುವಿನ ಕೋಣೆಯ ಗೋಡೆ ಮೇಲಿನಿಂದ ಕೆಳಗೆ ಬಿರುಕು ಬಿಟ್ಟಿತ್ತು. ಯಾರೋ ದೂರು ಕೊಟ್ಟರು. ಪಾಲಿಕೆ ಕಚೇರಿಯಿಂದ ಬಂದ ಮಾತು ಸರಳವಾಗಿತ್ತು: ಗುಂಡಿ ಎಲ್ಲಿದೆ ಎಂದು ವಾರದೊಳಗೆ ತೋರಿಸಬೇಕು. ಬಯಲಿನಲ್ಲಿದ್ದರೆ ತುಂಬಿಸಿದರೆ ಸಾಕು. ಕೋಣೆಗಳ ಅಡಿಯಲ್ಲಿದ್ದರೆ ಎಲ್ಲರನ್ನೂ ಖಾಲಿ ಮಾಡಿಸಿ ಸಾಲು ಪೂರ್ತಿ ಕೆಡವಬೇಕು, ಗೋಡೆಯ ಕೆಳಗೆ ಅಗೆಯಲು ಆಗುವುದಿಲ್ಲವಲ್ಲ.

ನಾನು ಹೋದ ದಿನ ಓನರಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಇವ್ರೇನಾ ಗುಂಡಿ ಕಂಡಿಡಿಯೋ ಮೇಡಂ? ನಾನು ಯಾರೋ ಪ್ಯಾಂಟಾಕ್ಕೊಂಡು ಬತ್ತಾರೆ ಅಂದ್ಕೊಂಡಿದ್ದೆ."

"ಪ್ಯಾಂಟು ಹಾಕೊಂಡವರು ಮುಂಚೆನೇ ಬಂದು ಸೋತಿದ್ದೀವಲ್ಲ" ಎಂದಳು ಇಂಜಿನಿಯರ್. ಆಕೆ ನೆಲದೊಳಗೆ ಇಣುಕುವ, ಹುಲ್ಲು ಕತ್ತರಿಸುವ ಯಂತ್ರದಂತೆ ತಳ್ಳುವ ರಾಡಾರನ್ನು ಅಂಗಳದಲ್ಲೆಲ್ಲ ಓಡಿಸಿದ್ದಳು. ನೆಲದೊಳಗೆ ನೀರಿನ ಪೈಪು, ಒಳಚರಂಡಿ, ಕಂಬಿ, ಹಳೆಯ ಕಲ್ಲು ಎಲ್ಲ ಕಲಸಿಹೋಗಿ ಸ್ಕ್ರೀನಿನ ತುಂಬ ಬರೀ ಗೀಚು. "ಎಲ್ಲಿ ನೋಡಿದ್ರೂ ಗುಂಡಿ ಥರಾನೇ ಕಾಣುತ್ತೆ ಮೇಡಂ."

ನನಗೆ ನೆನಪಿದ್ದದ್ದು ಒಂದೇ ಸಂಗತಿ, ಆದರೆ ಖಚಿತವಾಗಿ ನೆನಪಿತ್ತು. ಹಳಿಯ ಕೊನೆಯಲ್ಲಿ ವ್ಯಾಗನ್‌ಗಳು ಮುಂದೆ ಜಾರದಂತೆ ತಡೆಯುವ ಬಫರ್ ಇರುತ್ತದೆ. ಅದಕ್ಕೆ ತಾಗಿ ಮೊದಲ ವ್ಯಾಗನ್, ಅದರ ಹಿಂದೆ ಎರಡನೆಯದು. ಎರಡರ ಹೋಸ್ ಪೈಪೂ ಎಟುಕಲಿ ಎಂದು ಗುಂಡಿಯನ್ನು ಅವೆರಡರ ಕೊಂಡಿಯ ಎದುರಿಗೇ ತೋಡಿದ್ದರು. ಅಂದರೆ ಬಫರಿನಿಂದ ಒಂದು ವ್ಯಾಗನ್ ಉದ್ದ ಹಿಂದಕ್ಕೆ, ಹಳಿಗೆ ಅಂಟಿಕೊಂಡಂತೆ ಫ್ಯಾಕ್ಟರಿ ಇದ್ದ ಬಡಗಣ ಬದಿಗೆ. ಹಳಿ ಹೋದ ದಾರಿ ಗೊತ್ತಾದರೆ ಗುಂಡಿ ಗೊತ್ತಾದಂತೆ.

ದಾರಿಗೆ ಉಳಿದಿದ್ದ ಸಾಕ್ಷಿ ಎರಡು. ಅಂಗಳದ ಆಗ್ನೇಯ ಮೂಲೆಯ ಆಚೆ, ಗಲ್ಲಿಯನ್ನು ಹಳಿ ದಾಟುತ್ತಿದ್ದ ಜಾಗದಲ್ಲಿ ಎರಡು ರೈಲು ಕಂಬಿಗಳು ಕಾಂಕ್ರೀಟಿನಲ್ಲಿ ಹೂತು ಹೊಳೆಯುತ್ತಿದ್ದವು. ಕೀಳಲಾಗದೆ ಬಿಟ್ಟದ್ದು. ಇನ್ನೊಂದು, ಅಂಗಳದ ಪಡುವಣ ತುದಿಯಲ್ಲಿ ಬಫರೇ. ಬಾಗಿಸಿದ ಹಳಿಗಳ ಎರಡು ಕಾಲು, ಅಡ್ಡಕ್ಕೆ ದಪ್ಪನೆಯ ಮರದ ತೊಲೆ. ಆದರೆ ಈಗ ಅದನ್ನು ಬಫರ್ ಎಂದರೆ ಯಾರೂ ಮೆಚ್ಚರು. ತೊಲೆಗೆ ಅರಿಶಿನ, ಕುಂಕುಮ, ಎರಡು ಬೆಳ್ಳಿ ಕಣ್ಣು, ಮೇಲೆ ತಗಡಿನ ಚಾವಣಿ, ಕೆಳಗೆ ಟೈಲ್ಸ್ ಹಾಕಿದ ಕಟ್ಟೆ. ಅದು ಕಂಬಿಯಮ್ಮ. ಆಯುಧಪೂಜೆಗೆ ಸುತ್ತಲಿನ ಲೇತ್ ಶೆಡ್ಡುಗಳವರೆಲ್ಲ ಕುಂಬಳಕಾಯಿ ತಂದು ಒಡೆಯುತ್ತಾರಂತೆ.

"ಇದು ಇಲ್ಲೇ ಇತ್ತಾ?" ಎಂದು ಓನರಮ್ಮನನ್ನು ಕೇಳಿದೆ.

"ಇಲ್ಲೇ. ಅಮ್ಮ ಎಲ್ಲಿಗೋಯ್ತಾಳೆ?" ಎಂದು ಸೆರಗು ಸರಿ ಮಾಡಿಕೊಂಡಳು.

ಬಫರಿನ ಮುಖ ಯಾವ ಕಡೆಗಿದೆಯೋ ರೈಲು ಆ ಕಡೆಯಿಂದಲೇ ಬಂದಿರಬೇಕು. ಇದರಲ್ಲಿ ಜಾಣತನ ಬೇಕಿಲ್ಲ. ಕಂಪಾಸ್ ಇಟ್ಟು ನೋಡಿದೆ, ಮುಖ ಪೂರ್ವಕ್ಕಿತ್ತು. ಗಲ್ಲಿಯ ಕಂಬಿಗಳು ವಾಯವ್ಯಕ್ಕೆ ಹೊರಟಿದ್ದವು. ಹಾಗಾದರೆ ಹಳಿ ಮೊದಲು ಬಡಗಣಕ್ಕೆ ಉಬ್ಬಿ, ಕೊನೆಯಲ್ಲಿ ಗಕ್ಕನೆ ಎಡಕ್ಕೆ ಹೊರಳಿ ಬಫರಿಗೆ ಬಂದಿರಬೇಕು. ಅಷ್ಟು ಬಿಗಿಯಾದ ತಿರುವು ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಮೀಟರ್ ಗೇಜು ಸಣ್ಣ ಮೈಯದು, ಇಕ್ಕಟ್ಟಿನಲ್ಲಿ ಹೊರಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿದೆ. ಬಫರಿನಿಂದ ಒಂದು ವ್ಯಾಗನ್ ಉದ್ದ ಅಳೆದೆ. ಟೇಪಿನ ತುದಿ ಹೋಗಿ ಮುಟ್ಟಿದ್ದು ಬಿರುಕು ಬಿಟ್ಟ ಕೋಣೆಯ ಹೊಸ್ತಿಲನ್ನು.

ಆ ಕೋಣೆಯಲ್ಲಿದ್ದವನು ಕೊಪ್ಪಳದ ಕಡೆಯ ಗಾರೆ ಮೇಸ್ತ್ರಿ. ಬಾಗಿಲಲ್ಲಿ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಟೇಪನ್ನೇ ನೋಡುತ್ತಿದ್ದಳು.

"ಅಂದ್ರ, ನಾವು ಇಷ್ಟು ದಿನ ಎಣ್ಣಿ ಬಾವಿ ಮ್ಯಾಲ ಮಲಗೀವೇನ್ರಿ ಅಮ್ಮಾರ?" ಎಂದ ಮೇಸ್ತ್ರಿ.

"ಇರಬಹುದು. ಅಗೆದು ನೋಡೋಣ."

ಅವನೇ ಅಗೆದ. ಕೋಣೆಯೊಳಗೆ ಅಗೆಯುವಂತಿರಲಿಲ್ಲ, ಆದ್ದರಿಂದ ನನ್ನ ಸುಣ್ಣದ ಗೆರೆ ಕೋಣೆಗಳ ಮುಂದೆ ಹಾಯುವ ಜಾಗಗಳಲ್ಲಿ ಸಣ್ಣ ಗುಣಿಗಳನ್ನು ತೋಡಿಸಿದೆವು. ಹಳಿ ಮಲಗಿದ್ದ ನೆಲವಾದರೆ ಅಡಿಯಲ್ಲಿ ಜಲ್ಲಿ ಸಿಗಬೇಕು. ಸಿಕ್ಕಿದ್ದು ಬರೀ ಕೆಮ್ಮಣ್ಣು. ಎಂದೂ ಕದಡದ, ಇಟ್ಟಿಗೆಯಂತೆ ಕೂತ ಮಣ್ಣು.

"ಜಲ್ಲಿನ ಕಿತ್ಕೊಂಡಿರ್ತಾರೆ ಮೇಡಂ" ಎಂದಳು ಇಂಜಿನಿಯರ್. "ಈ ರೂಮ್‌ಗಳ ಪಾಯ ನೋಡಿ, ರೈಲ್ವೆ ಜಲ್ಲಿನೇ."

ಓನರಮ್ಮ ಮುಖ ಪಕ್ಕಕ್ಕೆ ಮಾಡಿದಳು. "ಎಲ್ಲಾರೂ ತಕ್ಕೊಂಡ್ರು, ನಾವೂ ತಕ್ಕೊಂಡೊ. ಬಿದ್ದಿತ್ತಲ್ಲ."

ಇಂಜಿನಿಯರ್ ನನ್ನನ್ನು ಆಚೆ ಕರೆದಳು. ರಿಪೋರ್ಟ್ ನಾಳೆ ಕೊಡಲೇಬೇಕು, ಗುಂಡಿಯನ್ನು ಕಂಡವಳೆಂದು ಅದರಲ್ಲಿ ನನ್ನ ಸಹಿಯೂ ಬೇಕು. ಬಿರುಕು ಅಲ್ಲೇ ಇದೆ, ಲೆಕ್ಕವೂ ಅಲ್ಲಿಗೇ ಬಂದಿದೆ. ಕೋಣೆಗಳ ಅಡಿ ಎಂದು ಬರೆದುಬಿಟ್ಟರೆ ಕೆಡವುತ್ತಾರೆ ನಿಜ, ಆದರೆ ಯಾರೂ ಸಾಯುವುದಿಲ್ಲ. "ನಾನು ಕೆಟ್ಟೋಳಲ್ಲ ಮೇಡಂ. ಒಂದು ಮಗು ಒಳಗೆ ಬಿದ್ರೆ ನಂಗೆ ನಿದ್ದೆ ಬರುತ್ತಾ?"

ಆಕೆ ಹೇಳಿದ್ದು ನ್ಯಾಯವೇ. ಆದರೂ ನನ್ನ ಸಹಿ ಹಾಕಲು ಕೈ ಬರಲಿಲ್ಲ. ಯಾಕೆಂದರೆ ಆ ಸೈಡಿಂಗಿನಲ್ಲಿ ಜಲ್ಲಿಯ ಕೆಳಗೂ ಅಕ್ಕಪಕ್ಕಕ್ಕೂ ಕಪ್ಪು ಬೂದಿ ಹಾಸಿದ್ದರು. ಉಗಿಬಂಡಿಗಳ ಹೊಟ್ಟೆಯಿಂದ ತೆಗೆದ ಕಲ್ಲಿದ್ದಲಿನ ಬೂದಿ. ಊಟದ ಹೊತ್ತಿನಲ್ಲಿ ಅದರ ಮೇಲೆ ಓಡಾಡಿ ನಮ್ಮ ಬಿಳಿ ಸ್ಯಾಂಡಲ್‌ಗಳು ಹಾಳಾಗುತ್ತಿದ್ದವು, ಚೀಫ್ ಡ್ರಾಫ್ಟ್ಸ್‌ಮನ್ ಕೈಲಿ ಬೈಸಿಕೊಳ್ಳುತ್ತಿದ್ದೆವು. ಜಲ್ಲಿಯನ್ನು ಯಾರಾದರೂ ಹೊತ್ತುಕೊಂಡು ಹೋಗಬಹುದು. ಬೂದಿಯನ್ನು ಯಾರು ಹೊರುತ್ತಾರೆ?

"ನಾಳೆ ಬೆಳಗ್ಗೆವರೆಗೆ ಟೈಮ್ ಕೊಡು" ಎಂದೆ. "ಇವತ್ತು ನಾನು ಸೈನ್ ಮಾಡೋದಿಲ್ಲ. ಸಾರಿ."

"ನಾಳೆ ಏನು ಬದಲಾಗುತ್ತೆ ಮೇಡಂ?"

"ಗೊತ್ತಿಲ್ಲ. ಆದ್ರೆ ಸಂ‌ಥಿಂಗ್ ಈಸ್ ರಾಂಗ್."

ಮರುದಿನ ಮೊದಲ ಮೆಟ್ರೋ ಹಿಡಿದು ಹೋದೆ. ಓನರಮ್ಮ ಕಂಬಿಯಮ್ಮನಿಗೆ ಪೂಜೆ ಮಾಡುತ್ತಿದ್ದಳು. ರಾತ್ರಿ ಅತ್ತಿದ್ದಳು ಎಂದು ಕಣ್ಣೇ ಹೇಳುತ್ತಿತ್ತು. ಮಂಗಳಾರತಿ ತೆಗೆದುಕೊಳ್ಳಲು ನಾನೂ ಎದುರಿಗೆ ನಿಂತೆ. ಹಿಂದಿನಿಂದ ಎಳೆ ಬಿಸಿಲು ಬಂತು. ನನ್ನ ನೆರಳು ಉದ್ದಕ್ಕೆ ಚಾಚಿ, ನೆಟ್ಟಗೆ, ಒಂದು ಚೂರೂ ಓರೆಯಾಗದೆ ಆ ತೊಲೆಯ ನಟ್ಟನಡುವೆ ಬಿತ್ತು. ಎರಡೂ ಬೆಳ್ಳಿ ಕಣ್ಣು ಒಟ್ಟಿಗೆ ಮಿಂಚಿದವು.

ನಾನು ಆರತಿಯ ಮೇಲೆ ಚಾಚಿದ ಕೈಯನ್ನು ಹಾಗೆಯೇ ಹಿಡಿದು ನಿಂತುಬಿಟ್ಟೆ. ರೈಲ್ವೆಯವರು ಜಾಗ ಸಿಕ್ಕತ್ತ ಬಫರ್ ಇಡುತ್ತಾರೆ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ನೋಡಿ ಇಡುವುದಿಲ್ಲ. ಹಾಗೆ ನೋಡಿ ಕೂರಿಸುವುದು ದೇವರನ್ನು.

"ಅಮ್ಮಾ, ಈಕೆಯನ್ನ ಯಾರಾದರೂ ತಿರುಗಿಸಿದ್ರಾ?"

ಓನರಮ್ಮ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. "ಯಾಕ್ ಕೇಳ್ತೀರಾ?"

"ತಿರುಗಿಸಿದ್ರೆ ನಿಮ್ಮ ಮನೆಗಳು ಉಳಿಯಬಹುದು. ಅದಕ್ಕೆ."

ಆಕೆ ಸುತ್ತ ನೋಡಿದಳು. ಆಮೇಲೆ ಮೆಲ್ಲಗೆ, "ನಮ್ಮತ್ತೆ ಕಾಲ್ದಲ್ಲಿ ಮೂಲೆಗೆ ಮಕ ಮಾಡ್ಕಂಡು ಕುಂತಿತ್ತು. ದೇವ್ರು ಅಂಗೆ ಮೂಲೆ ನೋಡ್ತಾ ಕುಂತ್ರೆ ಮನೆಗೆ ಏಳ್ಗೆ ಆಯ್ತದಾ? ಕಟ್ಟೆ ಕಟ್ಟಿಸ್ದಾಗ ಕ್ರೇನ್ ತರ್ಸಿ, ಇದ್ದ ಜಾಗ್ದಲ್ಲೇ ಮೂಡ್ಲಾಗೆ ತಿರುಗ್ಸಿದ್ವಿ. ರೈಲ್ವೇದು ಸಾಮಾನು ಮುಟ್ಟಿದ್ರಿ ಅಂತ ಕೇಸಾಕ್ಬುಟ್ರೆ ಅಂತ ಬಾಯ್ಬುಡ್ಲಿಲ್ಲ ಕಣಮ್ಮ" ಎಂದಳು.

"ಯಾವ ಮೂಲೆ?"

ಆಕೆ ಆಗ್ನೇಯಕ್ಕೆ ಕೈ ತೋರಿಸಿದಳು. ಗಲ್ಲಿಯ ಕಂಬಿಗಳಿದ್ದ ಕಡೆಗೇ.

ನಾನು ಆಕೆಯನ್ನು ಬೈಯಲಿಲ್ಲ. ಕೇಸಿನ ಹೆದರಿಕೆಗೆ ಬಾಯಿ ಮುಚ್ಚಿ, ಅದರಿಂದಲೇ ಸಾಲು ಮನೆ ಕಳೆದುಕೊಳ್ಳುವುದರಲ್ಲಿದ್ದಳು, ಪಾಪ. ನನಗಾದರೂ ಏನು, ಹೊಸ ಟೈಲ್ಸಿನ ಕಟ್ಟೆ ಕಣ್ಣಿಗೆ ಹೊಡೆಯುತ್ತಿದ್ದರೂ ಅದರ ಮೇಲಿನದು ಅಲುಗಿರಲಾರದು ಎಂದುಕೊಂಡಿದ್ದೆ.

ಇಂಜಿನಿಯರ್ ಬಂದಳು. ಮಾತು ಕೇಳಿ ಹಣೆ ಹಿಡಿದುಕೊಂಡಳು. "ಹಾಗಾದ್ರೆ ನಮ್ಮ ಹತ್ರ ಇರೋದು ಆ ಗಲ್ಲಿ ಕಂಬಿ ಮಾತ್ರ."

"ಅದು ಸಾಕು. ಅದು ಬಾಗಿದೆ."

ಬಾಗಿದ ಹಳಿಯ ಒಂದು ತುಂಡು ಸಿಕ್ಕರೆ ಅದರ ಮುಂದಿನ ದಾರಿಯನ್ನು ನೂಲಿನಲ್ಲೇ ಹಿಡಿಯಬಹುದು. ಟ್ರ್ಯಾಕಿನವರು ಹಿಂದಿನಿಂದ ಮಾಡುತ್ತಿದ್ದದ್ದು ಇದನ್ನೇ. ಮೇಸ್ತ್ರಿ ಚರಂಡಿಯ ಪಕ್ಕದ ಮಣ್ಣು ಸರಿಸಿ ಕಂಬಿಯನ್ನು ಇನ್ನಷ್ಟು ಉದ್ದಕ್ಕೆ ಬಿಡಿಸಿಕೊಟ್ಟ. ಅವನ ಗಾರೆ ನೂಲಿಗೆ ನಡುವೆ ಒಂದು ಗಂಟು ಹಾಕಿ, ಎರಡು ತುದಿಯನ್ನೂ ಕಂಬಿಯ ಒಳ ಅಂಚಿಗೆ ಬಿಗಿಯಾಗಿ ಹಿಡಿಸಿದೆ. ನೂಲು ನೇರ, ಕಂಬಿ ಬಾಗು, ಹಾಗಾಗಿ ಗಂಟಿನ ಹತ್ತಿರ ಎರಡರ ನಡುವೆ ಸಣ್ಣ ಸಂದು. ಆ ಸಂದೇ ಬಾಗಿನ ಅಳತೆ. ಒಂದು ಕಡ್ಡಿಯನ್ನು ಅಷ್ಟಕ್ಕೆ ಸರಿಯಾಗಿ ಮುರಿದುಕೊಂಡೆ.

ಆಮೇಲಿನದು ತಾಳ್ಮೆಯ ಕೆಲಸ. ನೂಲನ್ನು ಅರ್ಧದಷ್ಟು ಮುಂದಕ್ಕೆ ಸರಿಸುವುದು. ಹಿಂದಿನ ತುದಿ ಒಂದು ಗೂಟಕ್ಕೆ. ನಡುವಿನ ಗಂಟು ಅದರ ಮುಂದೆ ಈಗಾಗಲೇ ಹೊಡೆದ ಗೂಟದಿಂದ ಆ ಕಡ್ಡಿಯಷ್ಟೇ ದೂರ ಇರಬೇಕು. ಹಾಗೆ ಹೊಂದುವವರೆಗೆ ಮುಂದಿನ ತುದಿಯನ್ನು ಅತ್ತಿತ್ತ ಆಡಿಸಿ, ಹೊಂದಿದಲ್ಲಿ ಹೊಸ ಗೂಟ. ಮತ್ತೆ ನೂಲು ಮುಂದಕ್ಕೆ.

"ಅಮ್ಮಾರ, ನೀವು ರೈಲ್ ಹಾಕಾಕತ್ತೀರೋ, ಎಮ್ಮಿ ಕಟ್ಟಾಕತ್ತೀರೋ?" ಎಂದು ಮೇಸ್ತ್ರಿ ಗೂಟ ಬಡಿಯುತ್ತಾ ನಕ್ಕ.

"ರೈಲು ಬಂದ್ರೆ ನಿನಗೆ ಫ್ರೀ ಟಿಕೆಟ್. ಮೊದಲು ನೂಲು ಬಿಗಿ ಹಿಡಿ."

ಗೂಟಗಳ ಸಾಲು ಅಂಗಳಕ್ಕೆ ಇಳಿಯಿತು. ಬಡಗಣಕ್ಕೆ ಉಬ್ಬಲಿಲ್ಲ. ನಿಧಾನವಾಗಿ, ಒಳ್ಳೆಯ ಕೈಬರಹದ ಹಾಗೆ, ಬಯಲಿನ ನಡುವೆಯೇ ಎಡಕ್ಕೆ ವಾಲುತ್ತ ಹೋಯಿತು. ಒಗೆಯುವ ಕಲ್ಲಿನ ಪಕ್ಕ, ನಿಲ್ಲಿಸಿದ್ದ ಬೈಕುಗಳ ನಡುವೆ. ನಾನು ಮುಂದೆ ನೋಡದೆ ಕಡ್ಡಿಯನ್ನು ಮಾತ್ರ ನೋಡುತ್ತಿದ್ದೆ. ಮುಂದೆ ನೋಡಿದರೆ ಕೈ ತಾನಾಗಿ ಬೇಕಾದ ಕಡೆಗೆ ಎಳೆಯುತ್ತದೆ. ಕೊನೆಯ ಗೂಟ ಹೊಡೆಯಲು ಮೇಸ್ತ್ರಿ ಸುತ್ತಿಗೆ ಎತ್ತಿ, ನಿಲ್ಲಿಸಿದ.

"ಹೊಡಿಯಾಕ ಬರಂಗಿಲ್ರಿ. ಟೈಲ್ಸ್ ಐತಿ."

ತಲೆ ಎತ್ತಿದೆ. ನೂಲಿನ ತುದಿ ಕಂಬಿಯಮ್ಮನ ಕಟ್ಟೆಗೆ ಬಂದು ತಾಗಿತ್ತು. ತೊಲೆಯ ನಡುವಿನಿಂದ ಒಂದು ಮೊಳವೂ ತಪ್ಪಿರಲಿಲ್ಲ.

ಇಂಜಿನಿಯರ್ "ಓ ಮೈ ಗಾಡ್" ಎಂದಳು. ನಾನು ಒಗೆಯುವ ಕಲ್ಲಿನ ಮೇಲೆ ಕುಳಿತೆ.

ಈಗ ಹೊಸ ಗೆರೆಯ ಮೇಲೆ ಒಂದು ವ್ಯಾಗನ್ ಉದ್ದ ಅಳೆದು, ಫ್ಯಾಕ್ಟರಿಯ ಬದಿಗೆ ಸರಿದು ಗುರುತು ಹಾಕಿದೆವು. ಚೊಕ್ಕ ಬಯಲು. ಹತ್ತಿರದ ಗೋಡೆಗೂ ಅದಕ್ಕೂ ಒಂದು ಲಾರಿ ಸಲೀಸಾಗಿ ಹೋಗುವಷ್ಟು ಅಂತರ. ಹಾಗೆಂದುಕೊಳ್ಳುವಷ್ಟರಲ್ಲಿ ಗಲ್ಲಿಯಲ್ಲಿ ಹಾರ್ನ್ ಕೇಳಿಸಿತು.

"ನೀರಿನ ಟ್ಯಾಂಕರ್" ಎಂದಳು ಓನರಮ್ಮ. "ಬುಡಿ, ಅದು ರಿವರ್ಸಲ್ಲಿ ಬಂದು ಇಲ್ಲೇ ನಿಂತ್ಕತ್ತದೆ."

"ಇಲ್ಲೇ ಅಂದ್ರೆ?"

ಆಕೆ ಕಾಲಲ್ಲಿ ತೋರಿಸಿದ್ದು ನಾನು ಈಗಷ್ಟೇ ಸುಣ್ಣದಲ್ಲಿ ಎಳೆದ ಚೌಕವನ್ನು.

ಈ ನೋವಿನ ಮಂಡಿ ಇಟ್ಟುಕೊಂಡು ನಾನು ಓಡಿದ್ದು ಅದೊಂದೇ ಸಲ. ಮೇಸ್ತ್ರಿ ನನಗಿಂತ ಮುಂಚೆ ಹೋಗಿ ಲಾರಿಯ ಹಿಂದೆ ಎರಡೂ ಕೈ ಚಾಚಿ ನಿಂತ.

"ಏಯ್ ಗುರು, ಪಕ್ಕಕ್ಕೆ ಹೋಗೋ! ಇನ್ನೂ ಹತ್ತು ಕಡೆ ಲೋಡ್ ಇದೆ" ಎಂದು ಡ್ರೈವರ್ ಕೂಗಿದ.

"ನೀ ಒಳಗ ಬಂದ್ರ ನಿನ್ ಲೋಡು ಪಾತಾಳಕ್ಕ ಇಳೀತೈತಿ. ಅಲ್ಲೇ ನಿಲ್ಸು!"

ಡ್ರೈವರ್ ಗೊಣಗುತ್ತ ಇಳಿದು ಬಂದ. ಮೇಸ್ತ್ರಿ ಸುಣ್ಣದ ಚೌಕದ ಅಂಚಿನಲ್ಲಿ ಅಗೆಯತೊಡಗಿದ. ಮೊದಲು ಮಣ್ಣು. ಆಮೇಲೆ ಕಪ್ಪು ಬೂದಿ. ನಾನು ಅದನ್ನು ಬೆರಳಲ್ಲಿ ಉಜ್ಜಿ ಮೂಸಿದೆ, ನಾಚಿಕೆಯಿಲ್ಲದೆ. ಆಮೇಲೆ ಸ್ಲ್ಯಾಬು. ಎಲ್ಲರನ್ನೂ ದೂರ ನಿಲ್ಲಿಸಿ, ಹಲಗೆಯ ಮೇಲೆ ಮಲಗಿಕೊಂಡು ಹಾರೆಯಿಂದ ಒಮ್ಮೆ ಕುಟ್ಟಿದ. ಸದ್ದು ಟೊಳ್ಳು. ಇನ್ನೊಮ್ಮೆ ಕುಟ್ಟಿದಾಗ ಕಾಂಕ್ರೀಟು ಹಪ್ಪಳದ ಹಾಗೆ ಮುರಿದು ಒಳಗೆ ಬಿತ್ತು. ಕೆಳಗಿನಿಂದ ಹಳೆಯ ಎಣ್ಣೆಯ ವಾಸನೆ ಎದ್ದು ಬಂತು. ಒಳಗಿನ ಕಬ್ಬಿಣ ತುಕ್ಕು ತಿಂದು ದಾರದಂತಾಗಿತ್ತು. ಟ್ಯಾಂಕರ್ ಡ್ರೈವರ್ ಇಣುಕಿ ನೋಡಿ, ನೆಟ್ಟಗೆ ಹೋಗಿ ಕಂಬಿಯಮ್ಮನಿಗೆ ಅಡ್ಡಬಿದ್ದ.

ಎಣ್ಣೆ ಕೆಸರನ್ನು ಅದರ ಕೆಲಸದವರು ಬಂದು ಪಂಪು ಮಾಡಿ ಒಯ್ದರು. ಸ್ಲ್ಯಾಬು ಒಡೆದು, ಗುಂಡಿಗೆ ತೆಳ್ಳಗೆ ಕಲಸಿದ ಕಾಂಕ್ರೀಟು ಸುರಿದು ತುಂಬಿದರು. ಕೋಣೆಯ ಬಿರುಕಿಗೂ ಗುಂಡಿಗೂ ಸಂಬಂಧವೇ ಇರಲಿಲ್ಲ. ಮೇಸ್ತ್ರಿ ಪಾಯ ಬಗೆದು ನೋಡಿ ನಕ್ಕ. "ಓನರಮ್ಮ, ರೈಲ್ವೆ ಜಲ್ಲಿ ಪುಕ್ಸಟ್ಟೆ ಸಿಕ್ತು ಅಂತ ಹಾಕ್ಸೀರಿ. ಸಿಮೆಂಟ್ ಪುಕ್ಸಟ್ಟೆ ಸಿಗಲಿಲ್ಲೇನ್ರಿ?"

"ಬಾಡ್ಗೆ ಜಾಸ್ತಿ ಮಾಡ್ತೀನಿ ನೋಡು ನಿಂಗೆ" ಎಂದು ಆಕೆ ಗದರಿದಳು. ಎಷ್ಟೋ ದಿನದ ಮೇಲೆ ಆ ದನಿಯಲ್ಲಿ ಜೋರಿತ್ತು. ಅವನ ಹೆಂಡತಿ ಒಳಗಿನಿಂದ ನನಗೊಂದು ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟಳು. ಅದೇ ಹೊಸ್ತಿಲ ಮೇಲೆ ಕುಳಿತು ತಿಂದೆ.

ಹೊರಡುವಾಗ ಓನರಮ್ಮ ಹತ್ತಿರ ಬಂದು ದನಿ ತಗ್ಗಿಸಿದಳು. "ಮೇಡಂ, ಅಮ್ಮನ್ನ ಮತ್ತೆ ಹಳೇ ಕಡೀಕೇ ತಿರುಗಿಸ್ಬೇಕಾ?"

"ಬೇಡ. ಎಷ್ಟೋ ವರ್ಷ ವ್ಯಾಗನ್‌ಗಳ ಗುದ್ದು ತಿಂದಿದ್ದಾಳೆ. ಇನ್ನು ಬಿಸಿಲು ಕಾಯಿಸ್ಕೊಳ್ಳಲಿ."

ಇಂಜಿನಿಯರಿಗೆ ರಿಪೋರ್ಟಿನ ಜೊತೆ ಒಂದು ಸ್ಕೆಚ್ ಬೇಕಿತ್ತು. ಮನೆಗೆ ಬಂದು ಹಳೆಯ ಪೆನ್ನುಗಳನ್ನು ತೊಳೆದು, ಕೈಯಲ್ಲೇ ಬರೆದೆ. ಗಲ್ಲಿಯ ಕಂಬಿ, ಗೂಟಗಳ ಬಾಗು, ತುಂಬಿದ ಗುಂಡಿ, ಅಂಚಿನಲ್ಲಿ ಹಾಗೆಯೇ ಉಳಿದ ಕೋಣೆಗಳ ಸಾಲು. ಕೊನೆಗೆ ಬಫರನ್ನು ಬರೆದು, ಮುಂದೆ ಯಾರಾದರೂ ಅಲ್ಲಿ ಟೇಪು ಹಿಡಿದು ಬಂದರೆ ಇರಲಿ ಎಂದು ಅದರ ಪಕ್ಕದಲ್ಲಿ ನೀಟಾಗಿ ಟಿಪ್ಪಣಿ ಹಾಕಿದೆ: "ಕಂಬಿಯಮ್ಮ. ಪೂರ್ವಾಭಿಮುಖ. ಅಳತೆಗೆ ಬಳಸಬಾರದು."